ಬೇಲಿಗೆ ಹನ್ನೊಂದನೆಯ ಬಣ್ಣ

ಮೇ ತಿಂಗಳ ಮೊದಲ ಶುಕ್ರವಾರ
ಗ್ದಿನ್ಯಾದ ಅನಾಥ ಮಕ್ಕಳ ಮನೆಯ ಬೇಲಿಗೆ
ನಮ್ಮ ವಿಮಾ ಕಂಪನಿ ಬಣ್ಣ ಬಳಿಯುತ್ತದೆ.
ನಲವತ್ತು ಜನ, ನಲವತ್ತು ನೀಲಿ ಅಂಗಿ,
ಎದೆಯ ಮೇಲೆ ಲಾಂಛನ, ಬೆನ್ನ ಮೇಲೆ ‘ಒಟ್ಟಾಗಿ’.
ಬಣ್ಣಕ್ಕಿಂತ ಅಂಗಿಗೇ ಖರ್ಚು ಹೆಚ್ಚು.
ನನಗೆ ಗೊತ್ತು, ಬಿಲ್ಲಿಗೆ ಸಹಿ ಹಾಕಿದವಳು ನಾನೇ.

ಅರ್ಜಿ ಹಾಕಿ ಪಡೆದ ಕೆಲಸವಲ್ಲ ಇದು.
ಕ್ಲೇಮು ವಿಭಾಗದಲ್ಲಿ ಮುಳುಗಿದ ದೋಣಿಗಳ,
ಉಪ್ಪುನೀರು ಕುಡಿದ ಸರಕುಗಳ ಕಡತ ನೋಡುತ್ತಿದ್ದೆ.
ಒಂದು ಕ್ರಿಸ್‌ಮಸ್ಸಿಗೆ ಯಾರೋ ಅಂದರು:
“ಬೊಗ್ನಾ, ನೀನು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ,
ಒಂದಿಷ್ಟು ಆಟಿಕೆ ಕೂಡಿಸಿ ಕೊಡು.”
ಕೂಡಿಸಿದೆ. ಮುನ್ನೂರ ಹನ್ನೆರಡು.
ಅದರಲ್ಲಿ ಒಂಟಿಗಣ್ಣಿನ ಕರಡಿಗಳೇ ಅರವತ್ತು.
ಮರುವರ್ಷ ಅದಕ್ಕೊಂದು ಹುದ್ದೆ ಹುಟ್ಟಿತು,
ಅದರಾಚೆ ವರ್ಷ ಹುದ್ದೆಗೊಂದು ಕೋಣೆ,
ಕೋಣೆಗೊಂದು ಫಲಕ, ಫಲಕದ ಕೆಳಗೆ ಇಬ್ಬರು ಸಹಾಯಕರು.
ಅಮ್ಮನಿಗೆ ಇನ್ನೂ ಬಗೆಹರಿದಿಲ್ಲ:
“ಒಳ್ಳೆಯದು ಮಾಡಿದ್ದಕ್ಕೂ ಸಂಬಳವೇನೇ?”

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು
ಎನ್ನುತ್ತಿದ್ದಳು ಅಜ್ಜಿ, ಚರ್ಚಿನ ಮೆಟ್ಟಿಲಿಳಿಯುತ್ತ.
ಅಜ್ಜೀ, ಎಡಗೈಗೆ ತಿಳಿಸುವುದೇ ನನ್ನ ನೌಕರಿ,
ಮೂರು ತಿಂಗಳಿಗೊಮ್ಮೆ, ಹದಿನಾರು ಸ್ಲೈಡಿನಲ್ಲಿ,
ಕೊನೆಯ ಸ್ಲೈಡಿನಲ್ಲಿ ನಗುವ ಮಗು.

ಹನ್ನೊಂದನೆಯ ವರ್ಷ.
ಕೈ ಹಸಿರಾದವರ ಬಾಯಿಗೆಲ್ಲ ಸಾಸೇಜು ಸುಡುತ್ತಿದ್ದ ಹೊತ್ತು,
ಮನೆಯ ಮೇಸ್ತ್ರಿ ಜೆನೋಬಿಯುಷ್ ಸನ್ನೆ ಮಾಡಿ ಕರೆದ.
ಜೇಬಿನಿಂದ ಚಾಕು ತೆಗೆದ, ಕಂಬದ ಮೂಲೆ ಹೆರೆದ.
ಹಸಿರು, ಕಿತ್ತಳೆ, ಬಿಳಿ,
ಹಸಿರು, ಕಿತ್ತಳೆ, ಬಿಳಿ,
ಚಾಕು ಇಳಿದಷ್ಟೂ ಅದೇ ಪಾಠ.
“ಮೇ ನಿಮ್ಮದು. ಜೂನ್ ಬ್ಯಾಂಕಿನವರದು.
ಸೆಪ್ಟೆಂಬರಿಗೆ ಹಡಗುಕಟ್ಟೆಯವರು ಬರುತ್ತಾರೆ.
ಒಳಗೆ ಮರ ಎಂದೋ ಪುಡಿಯಾಗಿದೆ ಮೇಡಂ.
ಈಗ ನಿಂತಿರುವುದು ಬರೀ ಬಣ್ಣ.”

ಹಾಗಾದರೆ ಏನು ಬೇಕಿತ್ತು, ಕೇಳಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದು
ಎಂದು ಹೊಳೆದದ್ದು ಕೇಳಿದ ಮೇಲೆ.
ಅವನು ಚಾಕು ಮಡಿಚಿದ, ಒರೆಸಿದ, ಅವಸರವಿಲ್ಲ.
“ಕೊರ್ನೇಲ್ಯಾಗೆ ಅಕ್ಟೋಬರಿನಲ್ಲಿ ಹದಿನೆಂಟು.
ಆಮೇಲೆ ಹೊರಗೆ ಕೋಣೆ ಹಿಡಿಯಬೇಕು.
ಕರಾರು ಪತ್ರ ಓದಿ ಹೇಳುವವರು ಬೇಕು.
ಒಬ್ಬರು ಸಾಕು. ಆದರೆ ಪ್ರತಿ ಬುಧವಾರ.
ಅಂಗಿ ಯಾವುದಾದರೂ ನಡೆಯುತ್ತದೆ.”

ಸಣ್ಣಕ್ಷರ ಓದುವುದು! ನಮ್ಮ ಕಸುಬೇ ಅದು.
ಕೊಡಬೇಕಾದ ಹಣ ಕೊಡದೇ ಇರಲು
ಎಷ್ಟು ಸಣ್ಣಕ್ಷರ ಓದಿಲ್ಲ ನಾವು.

ನಲವತ್ತು ಜನರಿಗೆ ಕಾಗದ ಕಳಿಸಿದೆ.
ಮೂವರು ಬಂದರು. ಒಬ್ಬಳು ಬೇಗ ಬಿಟ್ಟಳು.
ಸಭೆಯಲ್ಲಿ ನಿರ್ದೇಶಕರು ಗೋಡೆಯ ಮೇಲಿನ ಗೆರೆ ನೋಡಿದರು,
ಮೆಟ್ಟಿಲು ತಪ್ಪಿದವನ ಹಾಗೆ ಬಿದ್ದಿದ್ದ ಗೆರೆ.
“ಬೊಗ್ನಾ, ಜನರ ಉತ್ಸಾಹ ಏಕೆ ಇಳಿದಿದೆ?”
ಹೇಳಲು ಹೊರಟೆ, ಹದಿನಾರು ಸ್ಲೈಡಿನಲ್ಲಿ
ಆ ಮಾತಿಗೆ ಜಾಗ ಇರಲಿಲ್ಲ.
ಮುಂದಿನ ಮೇಗೆ ಅಂಗಿ ಆರ್ಡರ್ ಮಾಡಿಯೇ ಬಂದೆ.
ಸುಳ್ಳು ಹೇಳುವುದಿಲ್ಲ, ನನಗೂ ಮನೆ ಸಾಲವಿದೆ.

ಬೇಲಿಯ ಒಂದು ಚಕ್ಕೆ ನನ್ನ ಮೇಜಿನ ಡ್ರಾಯರಿನಲ್ಲಿದೆ,
ಬೆರಳುದ್ದ, ಪಟ್ಟೆಪಟ್ಟೆ, ಒಂದಿಷ್ಟೂ ಮರವಿಲ್ಲ.

ನಿನ್ನೆ ರಾಜಿಮಿರ್ ಬಂದು ನಿಂತ.
ಕ್ಲೇಮಿನವನು, ಯಾವ ಪಿಕ್‌ನಿಕ್ಕಿಗೂ ಬಾರದವನು,
ಗುಂಪು ಫೋಟೋದಲ್ಲಿ ಯಾವಾಗಲೂ ಅರ್ಧ ಕಿವಿ.
ಕೈಯಲ್ಲಿ ತಿಂಗಳ ಫಾರಂ.
ಕೊರ್ನೇಲ್ಯಾ ಹೋದ ವಾರ ಕರಾರಿನ ಏಳನೇ ಷರತ್ತನ್ನು
ಮನೆಯೊಡತಿಯ ಎದುರಿಗೇ ಹೊಡೆದುಹಾಕಿದಳಂತೆ.
ಅದನ್ನು ಹೇಳಲು ಬಂದವನಲ್ಲ ಅವನು.
“ಈ ಬುಧವಾರ ಹುಡುಗಿ ಬರಲಿಲ್ಲ.
ಎರಡು ಗಂಟೆ ಕಾದು ಕೂತೆ, ಚಹಾ ಆರಿತು.
ಗಂಟೆಗಳ ಕಾಲಮ್ಮಿನಲ್ಲಿ ಏನು ಬರೆಯಲಿ?”

ಎರಡು, ಅಂದೆ.
ಎರಡು ಅಂತಲೇ ಬರೆ.